ಅಳಿಸಿಹೋದ ಮೂರು ಅಂಕಿ

ಬಾಗಲೂರು ರಸ್ತೆಯ ಆ ಯಾರ್ಡಿಗೆ ನಾನು ಬುಧವಾರ ಬೆಳಿಗ್ಗೆ ಹೋದಾಗ ಆರು ಅಮೆರಿಕನ್ ಪಿಕಪ್‌ಗಳು ಸಾಲಾಗಿ ನಿಂತಿದ್ದವು. ನಾಲ್ಕು ಈಗಿನವು, ಎರಡು ಹಳೆಯವು. ಈಗಿನವುಗಳ ಬಾನೆಟ್ ನನ್ನ ಕುತ್ತಿಗೆಯ ಎತ್ತರಕ್ಕೆ ಬರುತ್ತಿತ್ತು. ಇಂಥದ್ದೊಂದು ಆರ್.ಟಿ. ನಗರದ ಒಳರಸ್ತೆಗೆ ನುಗ್ಗಿದರೆ ಎದುರಿನ ಆಟೋದವನು ಯಾರದಾದರೂ ಕಾಂಪೌಂಡಿನೊಳಗೆ ಹೋಗಿ ನಿಲ್ಲಬೇಕು. ಹಳೆಯವೆರಡು ಗುಂಡು ಮೂತಿಯವು, ನಮ್ಮ ಅಜ್ಜಂದಿರ ಕಾಲದವು. ಭಾನುವಾರ ಮಾರಾಟ. ಅಷ್ಟರೊಳಗೆ ಆರನ್ನೂ ಪರೀಕ್ಷಿಸಿ, ಗುಣದೋಷಗಳನ್ನು ಒಂದೊಂದು ಕಾರ್ಡಿನಲ್ಲಿ ಬರೆದು, ಸಹಿ ಹಾಕಿ ಮುಂದಿನ ಗಾಜಿಗೆ ಅಂಟಿಸುವುದು ನನಗೆ ಒಪ್ಪಿಸಿದ ಕೆಲಸ. ಹಳೆ ಗಾಡಿ ಕೊಳ್ಳುವವರು ನನ್ನ ಸಹಿ ನೋಡಿ ದುಡ್ಡು ಎಣಿಸುತ್ತಾರೆ, ಆದ್ದರಿಂದ ಸಹಿ ಹಾಕುವಾಗ ನಾನು ದೇವರಾಣೆಗೂ ಯಾರ ಮುಖವನ್ನೂ ನೋಡುವುದಿಲ್ಲ.

ಮೊದಲ ದಿನವೇ ಒಂದನ್ನು ಹಿಡಿದೆ. ಕೆಂಪು ಬಣ್ಣದ ಹೊಸ ಪಿಕಪ್, ಸ್ಟೀರಿಂಗ್ ಎಡಗಡೆ. ಕಾಗದ ತಿರುವಿದರೆ, ಯಾರೋ ವಿದೇಶದಿಂದ ಪ್ರವಾಸಕ್ಕೆಂದು ತಂದು, ಅವಧಿ ಮುಗಿದ ಮೇಲೆ ವಾಪಸ್ ಒಯ್ಯಬೇಕಾಗಿದ್ದ ಗಾಡಿ. ಅದನ್ನು ಇಲ್ಲಿ ಮಾರುವ ಹಾಗೇ ಇಲ್ಲ. ಯಾರ್ಡಿನ ಯಜಮಾನ ತಲೆ ಕೆರೆದುಕೊಂಡು, ತನಗೆ ಗೊತ್ತೇ ಇರಲಿಲ್ಲವೆಂದು ಹೇಳಿ ಅದನ್ನು ಹಿಂದಿನ ಶೆಡ್ಡಿಗೆ ತಳ್ಳಿಸಿದ. ಗೊತ್ತಿಲ್ಲದೆ ಏನು, ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವ ಕಥೆ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ, ಸುಳ್ಳಲ್ಲ. ಆ ದಿನ ಕೋಪದ ಜೊತೆಗೆ ಜಂಬವೂ ಸೇರಿಕೊಂಡಿತ್ತು. ನನ್ನ ಕಣ್ಣು ತಪ್ಪಿಸಿ ಯಾವ ಗಾಡಿಯೂ ಹೋಗುವುದಿಲ್ಲ ಎಂದುಕೊಂಡು ಮನೆಗೆ ಹೋದೆ.

ಗುರುವಾರ ಹಳೆಯವೆರಡರಲ್ಲಿ ಒಂದರ ಸರದಿ. ಹಸಿರು ಬಣ್ಣದ ಆ ಪಿಕಪ್ಪನ್ನು ಯಾರ್ಡಿನಲ್ಲಿ ಎಲ್ಲರೂ ಹೂವಿನ ಗಾಡಿ ಎನ್ನುತ್ತಿದ್ದರು. ಬಾಗಲೂರಿನ ಕಡೆಯ ತೋಟಗಳ ಸೇವಂತಿಗೆ, ಕನಕಾಂಬರವನ್ನು ಮೂವತ್ತು ವರ್ಷಕ್ಕೂ ಮೇಲೆ ಮಾರುಕಟ್ಟೆಗೆ ಹೊತ್ತ ಗಾಡಿಯಂತೆ. ಓಡಿಸುತ್ತಿದ್ದ ಯಜಮಾನರು ತೀರಿಕೊಂಡು ಒಂಬತ್ತು ವರ್ಷ. ಈಗ ಮಾರುತ್ತಿರುವವರು ಅವರ ಹೆಂಡತಿ, ಅರವತ್ತು ದಾಟಿದ ಹೆಂಗಸು. ಅವರನ್ನೂ ಎಲ್ಲರೂ ಹೂವಿನಮ್ಮ ಎಂದೇ ಕರೆಯುತ್ತಿದ್ದರು. ಗಾಡಿ ನಿಲ್ಲುತ್ತಿದ್ದ ಶೆಡ್ಡಿನ ಮೇಲೆ ಹೊಸ ಬಡಾವಣೆಯ ರಸ್ತೆ ಬರುತ್ತಿತ್ತು. ಗುಜರಿಗೆ ಮಾತ್ರ ಕೊಡಬೇಡಿ, ಓಡಿಸುವವರಿಗೇ ಕೊಡಿ ಎಂದು ಆಕೆ ಯಾರ್ಡಿನ ಯಜಮಾನನಿಂದ ಮಾತು ತೆಗೆದುಕೊಂಡಿದ್ದರು. ಹಾಗೆ ಓಡಿಸುವವರೂ ಸಿಕ್ಕಿದ್ದರು. ಹೆಬ್ಬಾಳದಲ್ಲಿ ಸಸಿ ಮಾರುವ ನರ್ಸರಿಯ ದಂಪತಿ ಫೋಟೊ ನೋಡಿಯೇ ಮನಸ್ಸು ಮಾಡಿ, ನನ್ನ ಕಾರ್ಡಿಗಾಗಿ ಕಾಯುತ್ತಿದ್ದರು.

ನನಗೂ ಆ ಗಾಡಿ ಇಷ್ಟವಾಯಿತು, ಸುಳ್ಳು ಯಾಕೆ ಹೇಳಲಿ. ಅಯಸ್ಕಾಂತ ಹಿಡಿದು ಸುತ್ತ ಬಂದೆ. ಬಾಗಿಲಲ್ಲಿ, ಮಡ್‌ಗಾರ್ಡಿನಲ್ಲಿ ಎಲ್ಲಿಯೂ ತುಕ್ಕು ಮುಚ್ಚಲು ಪುಟ್ಟಿ ಮೆತ್ತಿರಲಿಲ್ಲ, ಎಲ್ಲ ಕಡೆ ಅಯಸ್ಕಾಂತ ಟಕ್ಕೆಂದು ಕಚ್ಚಿಕೊಂಡಿತು. ಎಂಜಿನ್ ಹಿಂದೆಂದೋ ಬದಲಾಗಿತ್ತು, ಅದರ ದಾಖಲೆ ಆರ್‌ಸಿಯಲ್ಲಿ ಸರಿಯಾಗಿತ್ತು. ಕ್ಯಾಬಿನ್ನಿನಲ್ಲಿ ಕಂಪನಿಯವರು ನಂಬರು ಹಾಕಿ ಹೊಡೆಯುವ ತಗಡಿನ ಪಟ್ಟಿ ಮಾತ್ರ ಇರಲಿಲ್ಲ, ಎರಡು ರಿವೆಟ್ಟಿನ ತೂತು ಉಳಿದಿದ್ದವು. ಹಳೆಯ ಗಾಡಿಗಳಲ್ಲಿ ಅದು ಮಾಮೂಲು. ಉಳಿದದ್ದು ಚಾಸಿ ನಂಬರು.

ಚಾಸಿ ಎಂದರೆ ಗಾಡಿಯ ಬೆನ್ನೆಲುಬು, ಇಡೀ ಗಾಡಿ ಕೂರುವ ಎರಡು ಉದ್ದದ ಉಕ್ಕಿನ ಪಟ್ಟಿ. ಈ ಗಾಡಿಯಲ್ಲಿ ಬಲಪಟ್ಟಿ ಬಂಪರಿನ ಹಿಂದೆ ಕೊಂಬಿನ ಹಾಗೆ ಮುಂದಕ್ಕೆ ಚಾಚಿಕೊಂಡಿರುತ್ತದೆ, ಅದರ ಮೇಲೆ ನಂಬರು ಒತ್ತಿರುತ್ತಾರೆ. ಅದರ ಮೇಲೆ ತೆಳು ಕಾಗದ ಇಟ್ಟು ಮೆತ್ತನೆಯ ಪೆನ್ಸಿಲ್ ಉಜ್ಜಿದರೆ ಅಂಕಿಗಳು ಬೆಳ್ಳಗೆ ಮೂಡುತ್ತವೆ. ಆರ್‌ಟಿಒದಲ್ಲಿ ಕೇಳುವುದೂ ಇದನ್ನೇ. ನಾನು ಮಂಡಿಯೂರಿ ಉಜ್ಜಲು ಶುರುಮಾಡಿದೆ. ಅಕ್ಷರ ಬಂತು, ಅಂಕಿ ಬಂತು, ಒಂದೊಂದಾಗಿ ಆರ್‌ಸಿಯಲ್ಲಿದ್ದದ್ದೇ ಬರುತ್ತಾ ಹೋಯಿತು. ಕೊನೆಯ ಮೂರು ಅಂಕಿಗಳ ಜಾಗದಲ್ಲಿ ಬರೀ ಪೆನ್ಸಿಲ್ಲಿನ ಕಪ್ಪು. ಇನ್ನೊಂದು ಕಾಗದ ತೆಗೆದುಕೊಂಡೆ. ಮತ್ತೆ ಕಪ್ಪು. ಬೆರಳಿಟ್ಟು ನೋಡಿದರೆ ಕಬ್ಬಿಣ ನುಣ್ಣಗಿತ್ತು.

ನಂಬರಿನ ಬಾಲ ಕತ್ತರಿಸಿದ ಗಾಡಿ ಎಂದರೆ ನಮ್ಮ ಕಸುಬಿನಲ್ಲಿ ಒಂದೇ ಅರ್ಥ. ಮೊದಲ ಅಂಕಿಗಳು ಒಂದೇ ಮಾದರಿಯ ಎಲ್ಲ ಗಾಡಿಗೂ ಹೆಚ್ಚುಕಡಿಮೆ ಒಂದೇ ಇರುತ್ತವೆ. ಇದು ಯಾವ ಗಾಡಿ ಎಂದು ಹೇಳುವುದೇ ಕೊನೆಯ ಮೂರು. ಅವನ್ನು ಅಳಿಸುವವರು ಕಳ್ಳರು.

ಹೂವಿನಮ್ಮನನ್ನು ಫೋನು ಮಾಡಿ ಕರೆಸಿದರು. ಅರ್ಧ ಗಂಟೆಯಲ್ಲಿ ಆಟೋದಲ್ಲಿ ಬಂದು ಇಳಿದರು, ತಲೆ ತುಂಬ ಸೇವಂತಿಗೆ ಮುಡಿದು, ಗಾಡಿಗೆ ಒಳ್ಳೆಯ ಮನೆ ಸಿಕ್ಕಿತೆಂಬ ಸುದ್ದಿ ಕೇಳುವ ಮುಖದಲ್ಲಿ. ನಾನು ಕೂರಿಸಿ ಮಾತಾಡಿಸಬಹುದಿತ್ತು. ಮಾಡಲಿಲ್ಲ. ಹತ್ತು ಜನ ನಿಂತಿದ್ದ ಕಡೆಯೇ ಕಾಗದ ಅವರ ಕೈಗೆ ಹಿಡಿಸಿ, ಇದು ಕದ್ದ ಮಾಲು, ನಿಮ್ಮ ಯಜಮಾನರು ಕದ್ದಿರಬೇಕು, ಇಲ್ಲ ಕದ್ದವರಿಂದ ತಗೊಂಡಿರಬೇಕು ಎಂದುಬಿಟ್ಟೆ. ಆ ಮಾತು ಹೊರಬಿದ್ದ ರೀತಿ ಈಗ ನೆನೆದರೂ ನಾಚಿಕೆಯಾಗುತ್ತದೆ.

ಆಕೆ ಕೂಗಾಡಲಿಲ್ಲ. ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, ನನ್ನನ್ನು ನೋಡಿದರು.

"ಮೇಡಮ್ಮೋರೆ, ನಮ್ಮ ಯಜಮಾನ್ರು ಪಕ್ಕದ ತೋಟದ್ದು ಒಂದು ಊವು ಕಿತ್ತೋರಲ್ಲ. ನನ್ನ ಮದುವೆ ಆದ ವರ್ಸ ಈ ಗಾಡಿ ತಂದ್ರು. ಇಂಗೆಲ್ಲ ಅನ್ಬ್ಯಾಡಿ, ಅವ್ರು ಈಗ ಇಲ್ಲ, ಬಂದು ಉತ್ತರ ಏಳಾಕಾಗಲ್ಲ."

ನಾನು ಕೆಂಪು ಕಾರ್ಡು ಬರೆದೆ. ಚಾಸಿ ನಂಬರು ತಿದ್ದಲಾಗಿದೆ, ಮಾರಾಟಕ್ಕೆ ಯೋಗ್ಯವಲ್ಲ. ಯಾರ್ಡಿನ ಯಜಮಾನ ನನ್ನನ್ನು ಪಕ್ಕಕ್ಕೆ ಕರೆದು, ಯಶವಂತಪುರದಲ್ಲಿ ನಂಬರ್ ಪಂಚ್ ಮಾಡುವವನೊಬ್ಬ ಗೊತ್ತು, ಅರ್ಧ ಗಂಟೆಯ ಕೆಲಸ, ಆರ್‌ಸಿ ನೋಡಿ ಮೂರು ಅಂಕಿ ಹೊಡೆದರೆ ಮುಗಿಯಿತು, ಬ್ರಹ್ಮನಿಗೂ ಗೊತ್ತಾಗುವುದಿಲ್ಲ ಎಂದ. ಅದು ಸೀದಾ ಜೈಲಿನ ದಾರಿ, ಆ ಮಾತು ಇನ್ನೊಂದು ಸಲ ಎತ್ತಿದರೆ ಉಳಿದ ಗಾಡಿಗಳ ಕಾರ್ಡನ್ನೂ ಹರಿದು ಹಾಕಿ ಹೋಗುತ್ತೇನೆ ಎಂದೆ. ಅವನು ಹೆದರಿದ. ಹೆದರಿದವನು ಹೂವಿನಮ್ಮನಿಗೆ ನಾಳೆ ಮಧ್ಯಾಹ್ನದೊಳಗೆ ಗಾಡಿ ಎತ್ತಿಕೊಂಡು ಹೋಗಿ ಎಂದ. ಎತ್ತಿಕೊಂಡು ಎಲ್ಲಿಗೆ ಹೋಗುವುದು? ಕೆಂಪು ಕಾರ್ಡು ಬಿದ್ದ ಗಾಡಿಯನ್ನು ಗುಜರಿಯವನು ಮಾತ್ರ ಮುಟ್ಟುತ್ತಾನೆ, ಅದೂ ಕತ್ತರಿಸಿ ತೂಕಕ್ಕೆ ಹಾಕಲು.

ಶುಕ್ರವಾರ ಬೆಳಿಗ್ಗೆ ನಾನು ಇನ್ನೊಂದು ಗಾಡಿಯ ಕೆಳಗೆ ಮಲಗಿಕೊಂಡು ಎಣ್ಣೆ ಸೋರಿಕೆ ನೋಡುತ್ತಿದ್ದೆ. ಹೂವಿನಮ್ಮ ಬಂದರು. ಚೀಲದಿಂದ ಹಿತ್ತಾಳೆ ಚೊಂಬು, ಅರಿಶಿನ, ಕುಂಕುಮ, ಹೂವು, ತೆಂಗಿನಕಾಯಿ ತೆಗೆದಿಟ್ಟರು. ಶುಕ್ರವಾರದ ಪೂಜೆ, ಬಹುಶಃ ಕೊನೆಯದು. ನಾನು ಮಲಗಿದ ಜಾಗದಿಂದ ಅವರ ಕೈ ನೇರವಾಗಿ ಕಾಣುತ್ತಿತ್ತು. ಆಕೆ ಬಂಪರಿನ ಹಿಂದೆ ಕೈ ತೂರಿಸಿ, ಹುಣಸೆಹಣ್ಣಿನ ಉಂಡೆಯನ್ನು ಇಟ್ಟಿಗೆ ಪುಡಿಯಲ್ಲಿ ಅದ್ದಿ, ಚಾಸಿಯ ಕೊಂಬಿನ ತುದಿಯನ್ನು ತಿಕ್ಕತೊಡಗಿದರು. ಹಿತ್ತಾಳೆ ದೀಪ ಬೆಳಗುವ ಹಾಗೆ, ಗಸಗಸನೆ, ಹೆಬ್ಬೆರಳಿಗೆ ಬಲ ಕೊಟ್ಟು. ನೀರು ಹಾಕಿ ಒರೆಸಿದರು. ಫಳಫಳ ಹೊಳೆಯಿತು. ಅರಿಶಿನ ಬಳಿದು ಮೂರು ಬೊಟ್ಟು ಕುಂಕುಮ ಇಟ್ಟು, ತೆಂಗಿನಕಾಯಿಯನ್ನು ಅದೇ ತುದಿಗೆ ಹೊಡೆದು ಒಡೆದರು. ಕಾಯಿನೀರು ಅದರ ಮೇಲೆಯೇ ಹರಿದು ಇಳಿಯಿತು.

ಅಯ್ಯೋ ದೇವರೇ, ಮೂರು ಬೊಟ್ಟು ಬಿದ್ದದ್ದು ಅಳಿಸಿಹೋದ ಮೂರು ಅಂಕಿಗಳ ಜಾಗದ ಮೇಲೆ.

ಹೊರಗೆ ತೆವಳಿ ಬಂದು, ಎಷ್ಟು ವರ್ಷದಿಂದ ಹೀಗೆ ಮಾಡುತ್ತಿದ್ದೀರಿ ಎಂದು ಕೇಳಿದೆ. ಮದುವೆಯಾದಾಗಿನಿಂದ, ಒಂದು ಶುಕ್ರವಾರ ತಪ್ಪಿಸಿಲ್ಲ, ಹೆರಿಗೆಯಲ್ಲಿ ಮಲಗಿದ್ದಾಗ ನಾದಿನಿ ಕೈಲಿ ಮಾಡಿಸಿದ್ದೆ ಎಂದರು. ಟಾರ್ಚು, ಭೂತಗನ್ನಡಿ ತಂದು ಕೂತೆ. ಅರದಿಂದ ಉಜ್ಜಿದರೆ ನೇರ ಗೆರೆ ಉಳಿಯುತ್ತದೆ, ಗ್ರೈಂಡರ್ ಹಿಡಿದರೆ ಕಮಾನಿನ ಗೆರೆ. ಇಲ್ಲಿ ಯಾವ ಗೆರೆಯೂ ಇರಲಿಲ್ಲ. ಹಳೆಯ ಒರಳುಕಲ್ಲಿನ ಬಾಯಿಯ ಹಾಗೆ ಕಬ್ಬಿಣ ಸವೆದಿತ್ತು, ಬದಿಯ ಸಂದಿನಲ್ಲಿ ಅರಿಶಿನ ಗಟ್ಟಿಯಾಗಿ ಕೂತಿತ್ತು. ಹುಣಸೆಯ ಹುಳಿ, ಇಟ್ಟಿಗೆ ಪುಡಿ, ಕಾಯಿನೀರಿಗೆ ಹಿಡಿದ ತುಕ್ಕು, ಅದನ್ನು ಮತ್ತೆ ಮುಂದಿನ ವಾರ ತಿಕ್ಕುವುದು. ಸುಮಾರು ನಲವತ್ತು ವರ್ಷ. ಇದನ್ನು ನಾನು ಹಿಂದಿನ ದಿನವೇ ನೋಡಬೇಕಿತ್ತು. ಕಾಗದದ ಕಪ್ಪು ನೋಡಿದವಳು ಕಬ್ಬಿಣವನ್ನು ಸರಿಯಾಗಿ ನೋಡಲೇ ಇಲ್ಲ. ಜಂಬಕ್ಕೆ ಕಣ್ಣಿಲ್ಲ.

ಎಲ್ಲರೆದುರು ಅಂದಿದ್ದನ್ನು ಎಲ್ಲರೆದುರೇ ವಾಪಸ್ ತೆಗೆದುಕೊಂಡೆ. ತಪ್ಪಾಯ್ತು ಅಮ್ಮ, ನನ್ನ ಬಾಯಿಗೆ ಬೆಂಕಿ ಬೀಳಲಿ ಎಂದೆ. ಆಕೆ ನನ್ನ ತೋಳು ಮುಟ್ಟಿ, ಆಗ್ಲಿ ಬುಡಿ, ದೇವರು ಕಣ್ಣು ತೆರೆಸಿದ ಎಂದರು. ಕಣ್ಣಲ್ಲಿ ನೀರಿತ್ತು, ಅವರಿಗೂ ನನಗೂ.

ಆದರೆ ಪೂಜೆಯಿಂದ ನಂಬರು ಸವೆಯಿತು ಎಂದು ನಾನು ನಂಬಿದರೆ ಸಾಲದು, ಆರ್‌ಟಿಒ ನಂಬಬೇಕು. ಅಲ್ಲಿ ಅರ್ಜಿ ಕೊಟ್ಟರೆ ಕಾನೂನಿನ ಪ್ರಕಾರವೇ ನಂಬರನ್ನು ಮತ್ತೆ ಒತ್ತಿಸಿಕೊಡುವ ಕ್ರಮವಿದೆ. ಅದಕ್ಕೆ ಇದೇ ಆ ಗಾಡಿ ಎನ್ನುವ ಪುರಾವೆ ಬೇಕು. ನನಗೊಂದು ವಿಷಯ ಗೊತ್ತಿತ್ತು. ಇಂಥದ್ದೇ ಮಾದರಿಯ ಗಾಡಿಯೊಂದನ್ನು ಹಿಂದೆ ಪೂರ್ತಿ ಬಿಚ್ಚಿದ್ದಾಗ, ಹಿಂಬದಿಯ ಮರದ ಹಲಗೆಗಳ ಕೆಳಗೆ, ಚಾಸಿಯ ಮೇಲ್ಮೈಯಲ್ಲಿ ಅದೇ ನಂಬರು ಎರಡನೆಯ ಸಲ ಒತ್ತಿದ್ದನ್ನು ಕಂಡಿದ್ದೆ. ಗಾಡಿ ಬಿಚ್ಚದೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಹಿಂಬದಿ ಎತ್ತೋಣ ಎಂದೆ. ಅದು ಪೂರ್ತಿ ನನ್ನ ತೀರ್ಮಾನ, ಯಾರೂ ನನ್ನನ್ನು ಒತ್ತಾಯ ಮಾಡಲಿಲ್ಲ.

ನನ್ನ ಜೊತೆ ಕೆಲಸ ಮಾಡುವ ಮೇಸ್ತ್ರಿ ಗಂಗಾನಗರದವರು, ನನಗಿಂತ ಹದಿನೈದು ವರ್ಷ ಹಿರಿಯರು. ಅವರು ಪಾನಾ ಕೆಳಗಿಟ್ಟರು.

"ಮೇಡಂ, ಒಂದ್ ಮಾತ್ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಹಳೇ ಗಾಡಿ, ಹಳೇ ಕಾಲ. ಮುಚ್ಚಿರೋದು ಮುಚ್ಕೊಂಡೇ ಇರ್ಲಿ."

ಮುಚ್ಚಿಕೊಂಡು ಕೂತರೆ ಆ ತಾಯಿಗೆ ನಾನು ಹಚ್ಚಿದ ಮಸಿ ಹೋಗುವುದು ಹೇಗೆ ಎಂದು ಅವರ ಮೇಲೆಯೇ ರೇಗಿದೆ. ಅವರು ಪಾನಾ ಎತ್ತಿಕೊಂಡರು.

ಬೋಲ್ಟುಗಳು ತುಕ್ಕಿನಲ್ಲಿ ಕೂತಿದ್ದವು. ಎಣ್ಣೆ ಬಿಟ್ಟು ಒಂದು ಗಂಟೆ ಕಾದೆವು. ಎಂಟರಲ್ಲಿ ಐದು ಬಂದವು, ಎರಡನ್ನು ಕಾಯಿಸಿ ಬಿಚ್ಚಿದೆವು, ಒಂದರ ತಲೆ ಮುರಿಯಿತು. ಚೈನ್ ಪುಲ್ಲಿ ಹಾಕಿ ಹಿಂಬದಿಯನ್ನು ಮೊಳದೆತ್ತರ ಎತ್ತುವಷ್ಟರಲ್ಲಿ ಮಧ್ಯಾಹ್ನ ಮೂರು. ಹಲಗೆಯ ಸಂದಿಯಿಂದ ಒಣಗಿದ ಹೂವಿನ ಪುಡಿ ಬುಟ್ಟಿಗಟ್ಟಲೆ ಉದುರಿ, ಮೇಸ್ತ್ರಿ ಒಂದೇ ಸಮ ಸೀನಿದರು. ಹೂವಿನಮ್ಮ ನಕ್ಕರು. ಯಾರ್ಡಿನ ಯಜಮಾನ ಗಾಡಿ ಎತ್ತಿಕೊಂಡು ಹೋಗಿ ಎನ್ನುವುದನ್ನು ಮರೆತು ತಾನೂ ಬಂದು ನಿಂತ. ನರ್ಸರಿಯವರಿಗೆ ಫೋನು ಮಾಡಿ, ಎಲ್ಲ ಸರಿಹೋಗುತ್ತದೆ, ಬನ್ನಿ ಎಂದೂ ಹೇಳಿಬಿಟ್ಟಿದ್ದ.

ಚಾಸಿಯ ಮೇಲೆ ಬೆರಳು ದಪ್ಪ ಮಣ್ಣು, ಎಣ್ಣೆ. ಸೀಮೆಎಣ್ಣೆ ಹಾಕಿ ತೊಳೆದೆ. ತಂತಿ ಬ್ರಷ್ಷಿನಲ್ಲಿ ಮೆಲ್ಲಗೆ ಉಜ್ಜಿದೆ. ಒಂದು ಅಕ್ಷರದ ಅಂಚು ಕಂಡಿತು. ಇದೆ, ನಂಬರಿದೆ ಎಂದೆ. ಹೂವಿನಮ್ಮ ಕೈ ಮುಗಿದರು. ಕಾಗದ ಇಟ್ಟು ಪೆನ್ಸಿಲ್ ಉಜ್ಜಿದೆ. ಇಲ್ಲಿ ಯಾರ ಕೈಯೂ ತಾಗಿರದ ಕಾರಣ ಅಂಕಿಗಳು ನಿನ್ನೆ ಒತ್ತಿದ ಹಾಗೆ ಸ್ಪಷ್ಟವಾಗಿ ಎದ್ದು ಬಂದವು. ಮೊದಲಿನವೆಲ್ಲ ಅವೇ. ಕೊನೆಯ ಮೂರು ಆರು, ಎಂಟು, ಎರಡು.

ಆರ್‌ಸಿಯಲ್ಲಿದ್ದದ್ದು ನಾಲ್ಕು, ಒಂದು, ಏಳು.

ತಪ್ಪು ಓದಿರಬೇಕೆಂದು ಇನ್ನೊಂದು ಕಾಗದ ಇಟ್ಟು ಉಜ್ಜಿದೆ, ಮತ್ತೊಂದು ಇಟ್ಟು ಉಜ್ಜಿದೆ. ಕಬ್ಬಿಣ ಮೂರು ಸಲವೂ ಒಂದೇ ಮಾತು ಹೇಳಿತು. ಅಂದರೆ ಆರ್‌ಸಿ ಬೇರೆ ಗಾಡಿಯದು, ಗಾಡಿ ಬೇರೆ. ಎಲ್ಲೋ ಸತ್ತ ಒಂದು ಪಿಕಪ್ಪಿನ ಕಾಗದವನ್ನು ಇನ್ನೊಂದಕ್ಕೆ ಕಟ್ಟಿ ಓಡಿಸಿದ್ದಾರೆ. ಗಾಡಿ ಕದ್ದದ್ದೋ, ಕಾಗದವಿಲ್ಲದೆ ಎಲ್ಲೋ ಸಿಕ್ಕಿದ್ದೋ, ನನಗೆ ಆವತ್ತೂ ಗೊತ್ತಿರಲಿಲ್ಲ, ಇವತ್ತೂ ಗೊತ್ತಿಲ್ಲ. ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಳ್ಳೋಣವೆಂದು ಒಂದು ಕ್ಷಣ ಅನ್ನಿಸಿತು. ಇಷ್ಟು ವರ್ಷದ ಕೆಲಸದಲ್ಲಿ ಹಾಗೆ ಅನ್ನಿಸಿದ್ದು ಅದೊಂದೇ ಸಲ. ಮೇಸ್ತ್ರಿ ನನ್ನ ಮುಖ ನೋಡಿ ಬೇರೆ ಕಡೆ ತಿರುಗಿಕೊಂಡರು.

ಮುಚ್ಚಿಡುವ ಅವಕಾಶವೂ ಸಿಗಲಿಲ್ಲ. ಹೂವಿನಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ಹೂವಿನ ವ್ಯಾಪಾರದಲ್ಲಿ ಪಳಗಿದವರಿಗೆ ಅಂಕಿ ಬರದಿರುತ್ತದೆಯೇ. ಆರ್‌ಸಿ ಒಂದು ಕೈಯಲ್ಲಿ ಹಿಡಿದು ನನ್ನ ಕಾಗದದ ಪಕ್ಕ ಇಟ್ಟು, ಬೆರಳಿಟ್ಟು ಒಂದೊಂದೇ ಓದಿದರು. ಇಲ್ಲಿ ನಾಕು ಐತೆ, ಅಲ್ಲಿ ಆರು ಐತಲ್ಲ ಎಂದರು. ಮತ್ತೆ ಮೊದಲಿನಿಂದ ಓದಿದರು. ಆಕೆ ನಿಧಾನವಾಗಿ ಗಾಡಿಯ ಮುಂದೆ ಹೋಗಿ ಬೆಳಿಗ್ಗೆ ತಾನೇ ಅರಿಶಿನ ಬಳಿದ ಜಾಗದೆದುರು ಕುಕ್ಕರಗಾಲಲ್ಲಿ ಕೂತರು. ನಾನೂ ಹೋಗಿ ಪಕ್ಕದಲ್ಲಿ ಕೂತೆ.

"ನಾನು ಮೊದ್ಲು ಬಾನೆಟ್ ಮ್ಯಾಲೆ ಊವು ಆಕಿ, ನೆಲಕ್ಕೆ ಕಾಯಿ ಒಡೀತಿದ್ದೆ," ಎಂದರು. ದನಿಯಲ್ಲಿ ಅಳು ಇರಲಿಲ್ಲ. "ಅಲ್ಲಿ ಬ್ಯಾಡ, ಇಲ್ಲಿ ಒಡಿ ಅಂತ ಅವ್ರೇ ಜಾಗ ತೋರ್ಸಿದ್ರು. ಗಾಡಿ ಜೀವ ಇಲ್ಲೈತೆ, ಉಣಸೆಣ್ಣು ಇಟ್ಟಿಗೆ ಪುಡಿ ಆಕಿ ಚೆನ್ನಾಗಿ ಉಜ್ಜು ಅಂದ್ರು. ಒಂದ್ ವಾರ ಮೆತ್ತಗೆ ಉಜ್ಜಿದ್ರೆ ಬೈಯೋರು. ನೋಡು, ನನ್ ಎಂಡ್ತಿ ಭಕ್ತಿ ನೋಡು ಅಂತ ಬಂದೋರಿಗೆಲ್ಲ ಏಳೋರು. ನಾನು ಉಬ್ಬಿ ಓಗ್ತಿದ್ದೆ."

ಆ ಹೊಳೆಯುವ ಕಬ್ಬಿಣದ ಮೇಲೆ ಹೆಬ್ಬೆರಳು ಆಡಿಸಿದರು.

"ನನ್ ಕೈಲೇ ಅಳಿಸ್ಬುಟ್ಟ ಮೇಡಮ್ಮೋರೆ."

ಗುರುವಾರ ನಾನು ಗಂಟಲು ಹರಿದುಕೊಂಡು ಹೇಳಿದ್ದೇ ಹೆಚ್ಚುಕಡಿಮೆ ನಿಜವಾಗಿತ್ತು, ಅದರಿಂದ ನನಗೆ ಎಳ್ಳಷ್ಟೂ ಸಮಾಧಾನವಾಗಲಿಲ್ಲ. ತಪ್ಪಾಯ್ತೆಂದು ಹೇಳಿ ಆಕೆಯನ್ನು ಎಬ್ಬಿಸಿ ನಿಲ್ಲಿಸಿ, ಅದೇ ದಿನ ಸಂಜೆಯೊಳಗೆ ನಾನೇ ಮತ್ತೆ ಕೆಡವಿದ್ದೆ. ಕೆಂಪು ಕಾರ್ಡನ್ನು ಗಾಜಿನಿಂದ ತೆಗೆದಿರಲಿಲ್ಲ, ಅದು ಹಾಗೆಯೇ ಉಳಿಯಿತು. ನರ್ಸರಿಯವರು ಬಂದು ವಿಷಯ ಕೇಳಿ ಹೊರಟುಹೋದರು.

ಎರಡು ನಂಬರು ಕಂಡ ಮೇಲೆ ಗಾಡಿಯನ್ನು ಸುಮ್ಮನೆ ಬಿಡುವ ಹಾಗಿಲ್ಲ, ಆರ್‌ಟಿಒಗೆ ಬರೆದುಕೊಡಲೇಬೇಕು. ಯಾರ್ಡಿನ ಯಜಮಾನ ತನ್ನ ತಲೆಗೆ ಬರುತ್ತದೆಂದು ಜಾರಿಕೊಂಡ. ಸೋಮವಾರ ಹೂವಿನಮ್ಮನ ಜೊತೆ ನಾನೇ ಹೋದೆ. ಅಲ್ಲಿನ ಇನ್‌ಸ್ಪೆಕ್ಟರು ಒಳ್ಳೆಯ ಮನುಷ್ಯ. ಕುರ್ಚಿ ಹಾಕಿಸಿ, ಎರಡು ಪೆನ್ಸಿಲ್ ಪ್ರಿಂಟನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ, ಗಾಡಿ ಮುಟ್ಟುಗೋಲಾಗುತ್ತದೆ, ಹೇಳಿಕೆ ಬೇಕು ಎಂದರು. ಆಕೆಗೆ ಬರೆಯಲು ಬಾರದ್ದರಿಂದ ಆಕೆ ಹೇಳಿದ್ದನ್ನು ನಾನು ಬರೆಯುವುದು, ಕೊನೆಗೆ ಆಕೆ ಹೆಬ್ಬೆಟ್ಟು ಒತ್ತುವುದು ಎಂದಾಯಿತು. ಹುಣಸೆಹಣ್ಣು, ಇಟ್ಟಿಗೆ ಪುಡಿ, ತೆಂಗಿನಕಾಯಿ ಎಲ್ಲ ಬರೆದೆ. ಆಗ ಇನ್‌ಸ್ಪೆಕ್ಟರು ಮುಂದಕ್ಕೆ ಬಾಗಿ, ಸರಿಯಾಗಿ ನಂಬರಿನ ಮೇಲೆಯೇ ಉಜ್ಜಬೇಕೆಂದು ನಿಮಗೆ ಯಾರು ಹೇಳಿಕೊಟ್ಟರು ಎಂದು ಕೇಳಿದರು.

ನಾನು ಪೆನ್ನು ಹಿಡಿದು ಕಾದೆ. ಹೂವಿನಮ್ಮ ಸೆರಗು ಸರಿಮಾಡಿಕೊಂಡರು.

"ಯಾರೂ ಏಳ್ಕೊಡ್ಲಿಲ್ಲ ಸಾ. ನಂದೇ ಭಕ್ತಿ."

ಆಕೆಯ ಮುಖ ನೋಡಿದೆ. ಆಕೆ ನನ್ನ ಕಡೆ ತಿರುಗಲಿಲ್ಲ, ನನ್ನ ಕೈಯಲ್ಲಿದ್ದ ಪೆನ್ನನ್ನು ಮಾತ್ರ ನೋಡುತ್ತಿದ್ದರು. ಬರೆದ ಹೇಳಿಕೆಯ ಕೆಳಗೆ ಸಾಕ್ಷಿಯಾಗಿ ಸಹಿ ಹಾಕಬೇಕಾದವಳು ನಾನೇ. ಯಾರೂ ಹೇಳಿಕೊಟ್ಟಿಲ್ಲ ಎಂದು ಬರೆದು ಸಹಿ ಹಾಕಿದೆ.